ಸೊನ್ನೆ ಅಂದ ಸ್ಕ್ರಿಪ್ಟು

ನಿಟ್ಟುವಳ್ಳಿಯ ಒಂದು ಡಿಟಿಪಿ ಅಂಗಡಿ. ಅಲ್ಲಿನ ಕಂಪ್ಯೂಟರಿನಲ್ಲಿ ವರ್ಷಾನುಗಟ್ಟಲೆ ಸೇರಿದ ವರ್ಡ್ ಫೈಲುಗಳು: ಖಾತೆ ಬದಲಾವಣೆ ಅರ್ಜಿ, ಬಾಡಿಗೆ ಕರಾರು, ಅಫಿಡವಿಟ್ಟು, ಗೃಹಪ್ರವೇಶದ ಕಾರ್ಡು. ಹೆಸರುಗಳಂತೂ 'ಅರ್ಜಿ', 'ಅರ್ಜಿ ಹೊಸದು', 'ಅರ್ಜಿ ಹೊಸದು ಫೈನಲ್'. ಹಳೇ ಗಿರಾಕಿ ಒಬ್ಬರು ಬಂದು "ಆವತ್ತು ಟೈಪ್ ಮಾಡಿಸಿದ್ದೆನಲ್ಲ, ಅದರದ್ದೊಂದು ಕಾಪಿ ಬೇಕಿತ್ತಪ್ಪ" ಅಂದರೆ ಹುಡುಗ ಪೈಥಾನ್ ಸ್ಕ್ರಿಪ್ಟ್ ಓಡಿಸುತ್ತಾನೆ. ಹೆಸರು ಹಾಕಿದರೂ ಊರು ಹಾಕಿದರೂ ರಿಪೋರ್ಟು ಒಂದೇ: ಸಿಕ್ಕಿದ್ದು 0. "ನಮ್ಮಲ್ಲಿ ಇಲ್ಲ ಅಜ್ಜಾರೆ."

ಇಲ್ಲ ಅಂತ ಹೇಳೋಕೆ ಆ ಸ್ಕ್ರಿಪ್ಟಿಗೆ ಏನು ಅಧಿಕಾರ?

ಕೆಲಸವನ್ನು ಅದು ಅರ್ಧ ಚೆನ್ನಾಗಿಯೇ ಮಾಡುತ್ತದೆ. ಆಫೀಸ್ 2007ರಿಂದ ಬಂದ ಡಾಕ್ಸ್ ಫೈಲು ಅಂದರೆ ಜಿಪ್ ಮಾಡಿದ ಎಕ್ಸ್‌ಎಂಎಲ್ ಫೈಲುಗಳ ಗಂಟು. ನೂರಾರು ಗಂಟು ಬಿಚ್ಚಿ, ಟ್ಯಾಗುಗಳನ್ನು ಕಿತ್ತು, ಬರೀ ಪಠ್ಯ ಜೋಡಿಸಿ ಹುಡುಕುತ್ತದೆ. ನೇರ ಗ್ರೆಪ್ ಹೊಡೆಯುವವರಿಗಿಂತ ಇದು ವಾಸಿ. ವರ್ಡ್ ಒಂದೇ ಪದವನ್ನು ಎರಡು ಮೂರು ತುಂಡು ಮಾಡಿ ಬೇರೆ ಬೇರೆ ಟ್ಯಾಗಿನಲ್ಲಿ ಇಟ್ಟಿರುತ್ತದೆ. ಗ್ರೆಪ್ಪಿಗೆ ಅದು ಕಾಣುವುದೇ ಇಲ್ಲ.

ಎಡವಿರುವುದು ಟ್ಯಾಗು ಕಿತ್ತ ಜಾಗದಲ್ಲೇ. ಅಂಗಡಿಯ ಹಳೇ ಫೈಲೆಲ್ಲ ನುಡಿ ಫಾಂಟಿನವು, ಯೂನಿಕೋಡ್ ಅಲ್ಲ. ತೆರೆ ಮೇಲೆ 'ನಿಟ್ಟುವಳ್ಳಿ' ಅಂತ ಕಾಣುವುದು ಫೈಲಿನೊಳಗೆ ಬೇರೆಯೇ: 'ನಿ' ಇರಬೇಕಾದಲ್ಲಿ ಕರೆನ್ಸಿ ಚಿಹ್ನೆ, 'ಟ' ಇರಬೇಕಾದಲ್ಲಿ ಇಂಗ್ಲಿಷಿನ ಸಣ್ಣ ಎಲ್, 'ಳಿ' ಇರಬೇಕಾದಲ್ಲಿ ಅರ್ಧ ಎಂಬ ಭಿನ್ನರಾಶಿ. ಇದನ್ನು ಕನ್ನಡ ಮಾಡಿ ತೋರಿಸುವುದು ಫಾಂಟು. ಯಾವ ತುಂಡಿಗೆ ಯಾವ ಫಾಂಟು ಅನ್ನುವುದು ಆ ತುಂಡಿನ ಟ್ಯಾಗಿನಲ್ಲೋ ಪಕ್ಕದ ಸ್ಟೈಲ್ಸ್ ಫೈಲಿನಲ್ಲೋ ಬರೆದಿರುತ್ತದೆ. ಸ್ಕ್ರಿಪ್ಟು ಕಸ ಅಂತ ಬಿಸಾಡಿದ್ದು ಇದನ್ನೇ! ಇಂಗ್ಲಿಷ್ ಫೈಲಿನಲ್ಲಿ ಫಾಂಟಿನ ಹೆಸರು ಬರೀ ಅಲಂಕಾರ. ನಮ್ಮ ಹಳೇ ಫೈಲುಗಳಲ್ಲಿ ಅದು ಬೀಗದ ಕೈ. ಫಾಂಟ್ ನೋಡಿ, ನುಡಿಯ ತುಂಡುಗಳನ್ನಷ್ಟೇ ಯೂನಿಕೋಡಿಗೆ ಬದಲಿಸಿ, ಆಮೇಲೆ ಹುಡುಕಬೇಕು. ಪರಿವರ್ತಕಗಳೇನೂ ಇಲ್ಲವೆಂದಲ್ಲ, ಪುಕ್ಕಟೆ ಸಿಗುತ್ತವೆ. ಇಡೀ ಫೈಲನ್ನು ಒಟ್ಟಿಗೆ ತುರುಕಿದರೆ ಮಾತ್ರ ಅದರಲ್ಲಿರುವ ನಿಜವಾದ ಇಂಗ್ಲಿಷೂ ಕೆಟ್ಟು ಕೂರುತ್ತದೆ.

ಇಷ್ಟು ಮಾಡಿದರೂ ನಮ್ಮೂರಿನ ಹೆಸರೇ ಒಂದು ಪರೀಕ್ಷೆ. ಬೋರ್ಡುಗಳಲ್ಲಿ, ಪೇಪರಿನಲ್ಲಿ 'ನಿಟುವಳ್ಳಿ' ಅಂತಲೂ ಬರೆಯುತ್ತಾರೆ. ಎರಡನ್ನೂ ಹುಡುಕಬೇಕು ಅನ್ನೋದು ಯಾವ ಲೈಬ್ರರಿಯೂ ಹೇಳಿಕೊಡಲ್ಲ, ಊರಿನವರೇ ಹೇಳಬೇಕು. ಜೊತೆಗೆ, ಪೈಥಾನಿನ ಡಾಕ್ಸ್ ಲೈಬ್ರರಿಯಲ್ಲಿ ಪ್ಯಾರಾಗಳ ಪಟ್ಟಿ ಕೇಳಿದರೆ ಟೇಬಲ್ಲಿನ ಒಳಗಿನ ಪಠ್ಯ ಬರುವುದಿಲ್ಲ. ಅರ್ಜಿದಾರರ ಹೆಸರು, ವಿಳಾಸವನ್ನು ನಮ್ಮ ಡಿಟಿಪಿಯವರು ಎಲ್ಲಿಡುತ್ತಾರೆ? ಟೇಬಲ್ಲಿನಲ್ಲೇ.

ನನಗೆ ನಿಜಕ್ಕೂ ಸಿಟ್ಟು ಬರಿಸಿದ್ದು ಎರಡೇ ಪದದ ಇನ್ನೊಂದು ಸಾಲು: 'ಎಕ್ಸೆಪ್ಟ್, ಪಾಸ್'. ಫೈಲು ತೆರೆಯಲಾಗದಿದ್ದರೆ ಸುಮ್ಮನೆ ಮುಂದೆ ಹೋಗು ಅಂತ ಅರ್ಥ. ಪಾಸ್‌ವರ್ಡ್ ಇದ್ದದ್ದು, ಕೆಟ್ಟದ್ದು, ಎಕ್ಸ್‌ಎಂಎಲ್ಲೇ ಅಲ್ಲದ ಹಳೇ ಡಾಕ್ ಫೈಲಿಗೆ ಯಾರೋ ಡಾಕ್ಸ್ ಅಂತ ಬರೀ ಹೆಸರು ಬದಲಿಸಿದ್ದು, ಎಲ್ಲ ಈ ಸಾಲಿನಲ್ಲಿ ಮಾಯ. ರಿಪೋರ್ಟಿನಲ್ಲಿ ಮಾತ್ರ ಅದೇ ಸೊನ್ನೆ. ನಮ್ಮ ಆಫೀಸುಗಳ ಕೋಡಿನಲ್ಲೂ ಈ ಸಾಲು ಕಡಿಮೆಯೇನಿಲ್ಲ ಬಿಡಿ. ಅಲ್ಲಿ ಡ್ಯಾಶ್‌ಬೋರ್ಡು ಹಸಿರಾಗಿದ್ದರೆ ಯಾರೂ ಕೇಳಲ್ಲ.

ಸೇರಿಸಬೇಕಾದದ್ದು ಇಪ್ಪತ್ತು ಸಾಲು ಇರಬಹುದು. ರಿಪೋರ್ಟಿನಲ್ಲಿ 'ಸಿಕ್ಕಿತು', 'ಸಿಗಲಿಲ್ಲ' ಜೊತೆಗೆ 'ಓದಲು ಆಗಲಿಲ್ಲ' ಅಂತ ಮೂರನೇ ಕಾಲಂ, ಅದರ ಕೆಳಗೆ ಫೈಲಿನ ಹೆಸರು ಮತ್ತು ಕಾರಣ. ಆಗ ಹುಡುಗ ಅಜ್ಜನಿಗೆ, "ನಲವತ್ತು ಫೈಲು ಓದಕ್ಕಾಗಿಲ್ಲ, ಕೂತ್ಕೊಳ್ರಿ, ತೆಗೆದು ನೋಡ್ತೀನಿ" ಅನ್ನಬಹುದು.