ದುಡಿಮೆಗೆ ಘನತೆಯಿದೆ, ಹೊಣೆ ಯಾರದು?

2025ರ ಮೇ 8ರಂದು ಪೋಪ್ ಆಗಿ ಆಯ್ಕೆಯಾದ ರಾಬರ್ಟ್ ಪ್ರಿವೋಸ್ಟ್, ಲಿಯೋ ಎಂಬ ಹೆಸರನ್ನೇ ಯಾಕೆ ಆರಿಸಿಕೊಂಡರೆಂದು ಎರಡು ದಿನಗಳ ಮೇಲೆ ಕಾರ್ಡಿನಲ್‌ಗಳಿಗೆ ತಿಳಿಸಿದರು. ಹದಿಮೂರನೆಯ ಲಿಯೋ 1891ರಲ್ಲಿ 'ರೇರುಂ ನೊವಾರುಂ' ಎಂಬ ವಿಶ್ವಪತ್ರ ಬರೆದು, ಕೈಗಾರಿಕಾ ಕ್ರಾಂತಿಯ ಹೊಡೆತಕ್ಕೆ ಸಿಕ್ಕಿದ ಕಾರ್ಮಿಕರ ಪರವಾಗಿ ಮಾತಾಡಿದ್ದರು. ಈಗ ಕೃತಕ ಬುದ್ಧಿಮತ್ತೆ ಅಂಥದೇ ಇನ್ನೊಂದು ಕ್ರಾಂತಿಯನ್ನು ತಂದಿದೆ, ಮನುಷ್ಯನ ಘನತೆ, ನ್ಯಾಯ, ದುಡಿಮೆ ಮೂರನ್ನೂ ಕಾಯುವ ಕೆಲಸ ಮತ್ತೆ ಬಂದಿದೆ ಎಂಬುದು ಅವರ ಮಾತಿನ ತಿರುಳು. ಒಬ್ಬ ಪೋಪ್ ತಮ್ಮ ಹೆಸರನ್ನೇ ಕಾರ್ಮಿಕರ ಪ್ರಶ್ನೆಗೆ ಕಟ್ಟಿಕೊಂಡದ್ದು ಸಣ್ಣ ಸಂಗತಿಯಲ್ಲ. ಯಂತ್ರ ಮನುಷ್ಯನ ಕೆಲಸ ಕಸಿಯುವುದರ ಬಗ್ಗೆ ಕ್ರೈಸ್ತರು ಇಂದು ಬರೆಯುತ್ತಿರುವುದನ್ನೆಲ್ಲ 1891ರ ಆ ಪತ್ರದ ಪಕ್ಕದಲ್ಲಿಟ್ಟು ತೂಗುವ ಹಕ್ಕನ್ನು ಆ ಹೆಸರು ನಮಗೆ ಕೊಟ್ಟಿದೆ.

ಹಾಗೆ ತೂಗಬೇಕಾದ ಮುಖ್ಯ ಬರಹ 'ಆಂಟೀಕ್ವಾ ಎಟ್ ನೋವಾ'. ಪೋಪ್ ಫ್ರಾನ್ಸಿಸ್ ಇನ್ನೂ ಬದುಕಿದ್ದಾಗ, 2025ರ ಜನವರಿ 28ರಂದು, ವ್ಯಾಟಿಕನ್ನಿನ ಎರಡು ಇಲಾಖೆಗಳು ಸೇರಿ ಹೊರಡಿಸಿದ 117 ಪ್ಯಾರಾಗಳ ದಾಖಲೆ ಇದು. ಬುದ್ಧಿ ಎಂದರೇನು ಎಂಬಲ್ಲಿಂದ ಹೊರಟು ಶಿಕ್ಷಣ, ಆರೋಗ್ಯ, ಯುದ್ಧ, ಸುಳ್ಳು ಸುದ್ದಿ ಎಲ್ಲವನ್ನೂ ಹಾಯ್ದು ಹೋಗುತ್ತದೆ. ದುಡಿಮೆಯ ಭಾಗ ಚಿಕ್ಕದು, ಕೆಲವೇ ಪ್ಯಾರಾ. ಆದರೆ ಅಷ್ಟರಲ್ಲೇ ಅದು ಕಂಡಿರುವುದು ಕಡಿಮೆಯಲ್ಲ.

ಯಂತ್ರ ಕೆಲಸ ಕಸಿಯುತ್ತದೆ ಎಂದು ಎಲ್ಲರೂ ಹೇಳುವ ಮಾತಿಗೆ ಈ ದಾಖಲೆ ನಿಂತುಬಿಡುವುದಿಲ್ಲ. ಕೆಲಸ ಉಳಿದವರ ಪಾಡನ್ನೂ ನೋಡುತ್ತದೆ. ಬೇಸರದ ಕೆಲಸವನ್ನೆಲ್ಲ ಯಂತ್ರ ಹೊತ್ತುಕೊಳ್ಳುತ್ತದೆ ಎಂದು ನಂಬಿಸಿದರೂ, ಎಷ್ಟೋ ಕಡೆ ಮನುಷ್ಯನೇ ಯಂತ್ರದ ವೇಗಕ್ಕೆ ಒಗ್ಗಬೇಕಾಗುತ್ತದೆ. ಕೈಯಲ್ಲಿದ್ದ ಕುಶಲತೆ ತಪ್ಪುತ್ತದೆ. ತಲೆಯ ಮೇಲೆ ಸದಾ ಒಂದು ಕಣ್ಣು ಕಾವಲಿರುತ್ತದೆ. ಉಳಿಯುವುದು ಮಾಡಿದ್ದನ್ನೇ ಮಾಡುವ ಬಿಗಿ ಕೆಲಸ. ಗೋದಾಮಿನಲ್ಲಿ ಸ್ಕ್ಯಾನರ್ ಹಿಡಿದು ಓಡುವ ಹುಡುಗರನ್ನು, ಕಾಲ್ ಸೆಂಟರಿನಲ್ಲಿ ತೆರೆಯ ಮೇಲೆ ಮೂಡಿದ ಉತ್ತರವನ್ನು ಓದಿ ಹೇಳುವವರನ್ನು ಬಲ್ಲವರಿಗೆ ಇದು ಎಷ್ಟು ನಿಜ ಎಂದು ಬಿಡಿಸಿ ಹೇಳಬೇಕಿಲ್ಲ. ಮನುಷ್ಯನಿಗೆ ನೆರವಾಗುವ ಬದಲು ಮನುಷ್ಯನನ್ನೇ ಹೊರಗಿಡಲು ಬಳಸಿದರೆ ಲಾಭ ಕೆಲವರ ಪಾಲಿಗೆ, ಬಡತನ ಬಹಳ ಮಂದಿಯ ಪಾಲಿಗೆ ಎಂಬ ಎಚ್ಚರಿಕೆಯೂ ಅಲ್ಲಿದೆ.

ಈ ಆತಂಕ ಹೊಸ ವಸ್ತುವಿನ ಹೆದರಿಕೆಯಲ್ಲ, ಅದಕ್ಕೆ ಗಟ್ಟಿ ನೆಲವಿದೆ. ಬೈಬಲ್ಲಿನ ಆದಿಕಾಂಡದಲ್ಲಿ ದೇವರು ಆದಾಮನನ್ನು ತೋಟದಲ್ಲಿ ಇರಿಸುವುದು ಅದನ್ನು ಬೇಸಾಯ ಮಾಡಿ ಕಾಯಲೆಂದೇ, ಮತ್ತು ಅದು ಪಾಪಕ್ಕೆ ಮೊದಲು. ಮುಖದ ಬೆವರಿನ ಶಾಪ ಬರುವುದು ಆಮೇಲೆ. ಹಾಗಾಗಿ ಕ್ರೈಸ್ತ ತಿಳಿವಳಿಕೆಯಲ್ಲಿ ದುಡಿಮೆ ಬರೀ ಶಿಕ್ಷೆಯಲ್ಲ. ಹೆಗಲಿನಿಂದ ಇಳಿಸಿದರೆ ಮುಗಿಯಿತು ಎನ್ನುವ ಹೊರೆಯಲ್ಲ. 1981ರಲ್ಲಿ ಎರಡನೆಯ ಜಾನ್ ಪಾಲ್ ಬರೆದ 'ಲಬೋರೆಮ್ ಎಕ್ಸೆರ್ಚೆನ್ಸ್' ಈ ವಿಚಾರವನ್ನು ಎಲ್ಲರಿಗಿಂತ ಆಳವಾಗಿ ಕೆದಕಿತು. ಪೋಲೆಂಡ್ ನಾಜಿಗಳ ಕೈಯಲ್ಲಿದ್ದಾಗ ಕ್ರಾಕೋವ್‌ನ ಕಲ್ಲುಕ್ವಾರಿಯಲ್ಲಿ, ಆಮೇಲೆ ಸೋಲ್ವೇ ರಾಸಾಯನಿಕ ಕಾರ್ಖಾನೆಯಲ್ಲಿ ಮೈಮುರಿದು ದುಡಿದವರು ಅವರು. ಕೆಲಸದಿಂದ ಹುಟ್ಟುವ ವಸ್ತು ಒಂದು, ಕೆಲಸ ಮಾಡುವ ಮನುಷ್ಯ ಇನ್ನೊಂದು. ಬೆಲೆ ಬರುವುದು ಎರಡನೆಯದರಿಂದ ಎಂದು ಅವರು ಬರೆದರು. ಯಂತ್ರವನ್ನು ಮನುಷ್ಯನ ಗೆಳೆಯ ಎಂದು ಒಪ್ಪಿದರು. ಕೆಲಸಗಾರನ ತೃಪ್ತಿಯನ್ನೂ ಕೌಶಲವನ್ನೂ ನುಂಗಿದಾಗ ಅದೇ ಶತ್ರುವಾಗುತ್ತದೆ ಎಂದೂ ಹೇಳಿದರು. ದುಡಿಯುವವನನ್ನು ಹೊರಗಿಟ್ಟು ವಸ್ತುವನ್ನು ಮಾತ್ರ ಎಣಿಸುವ ಲೆಕ್ಕ ತಪ್ಪು ಎನ್ನಲು ಇದಕ್ಕಿಂತ ಒಳ್ಳೆಯ ಆಧಾರ ನನಗೆ ಗೊತ್ತಿಲ್ಲ.

ನನ್ನ ತಕರಾರು ಆಧಾರದ ಬಗ್ಗೆ ಅಲ್ಲ, ಆಮೇಲಿನ ನಡಿಗೆಯ ಬಗ್ಗೆ. 2025ರ ದಾಖಲೆ ಬೇರೊಂದು ಭಾಗದಲ್ಲಿ ಹೊಣೆಯ ಪ್ರಶ್ನೆ ಎತ್ತುತ್ತದೆ, ಬಲವೆಲ್ಲ ಕೆಲವೇ ಕಂಪನಿಗಳ ಕೈಸೇರುವುದನ್ನೂ ಗುರುತಿಸುತ್ತದೆ. ಆದರೆ ದುಡಿಮೆಯ ಮಾತು ಬಂದಾಗ ಕರ್ತೃ ಕಾಣೆಯಾಗುತ್ತಾನೆ. ಕೆಲಸಗಳು ಇಲ್ಲವಾಗುತ್ತವೆ, ಕೌಶಲ ಕುಂದುತ್ತದೆ, ಅಪಾಯ ಇದೆ. ಇಲ್ಲವಾಗಿಸಿದವರು ಯಾರು, ಕೆಲಸ ಕಳೆದುಕೊಂಡವರಿಗೆ ಅವರು ಏನು ಕೊಡಬೇಕು ಎಂಬಲ್ಲಿಗೆ ಬಂದರೆ ಎಲ್ಲರ ಹೊಣೆ, ಎಲ್ಲರ ವಿವೇಕ. 1891ರ ಪತ್ರ ಹೀಗೆ ಮಾತಾಡಿರಲಿಲ್ಲ. ಅದಕ್ಕೂ ಮಿತಿಗಳಿವೆ: ಆಸ್ತಿಯ ಹಕ್ಕನ್ನು ಎತ್ತಿ ಹಿಡಿಯುವಲ್ಲಿ, ಸಮಾಜವಾದವನ್ನು ತಳ್ಳಿಹಾಕುವಲ್ಲಿ ಅದು ಅನುಕೂಲವಂತರಿಗೆ ಹಿತವಾಗಿಯೇ ಇತ್ತು. ಆದರೂ ಮಾಲೀಕನ ಎದುರು ನಿಂತು ಅದು ಹೇಳಿದ ಮಾತುಗಳು ನೆಟ್ಟಗಿದ್ದವು. ಒಪ್ಪಂದಕ್ಕೆ ಕಾರ್ಮಿಕ ಹೂಂಗುಟ್ಟಿದ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ. ಗತಿಯಿಲ್ಲದೆ, ಇನ್ನೂ ಕೆಟ್ಟದ್ದಾದೀತೆಂಬ ಭಯದಿಂದ ಒಪ್ಪಿಕೊಂಡಿದ್ದರೆ ಅವನು ಬಲಾತ್ಕಾರಕ್ಕೆ ಬಲಿಯಾದವನು. ಮಿತವಾಗಿ ಬಾಳುವವನ ಹೊಟ್ಟೆಬಟ್ಟೆಗೆ ಸಾಲದ ಕೂಲಿ ಕೂಲಿಯಲ್ಲ. ಕಾರ್ಮಿಕರು ಸಂಘ ಕಟ್ಟುವುದು ಹುಟ್ಟಿನಿಂದ ಬಂದ ಹಕ್ಕು, ಸರ್ಕಾರ ಅದನ್ನು ಕಿತ್ತುಕೊಳ್ಳುವಂತಿಲ್ಲ.

ಸಂಘದ ಬಲ ಏನು ಮಾಡಬಲ್ಲದೆಂದು ಈ ಕಾಲದಲ್ಲೂ ನೋಡಿದ್ದೇವೆ. 2023ರಲ್ಲಿ ಹಾಲಿವುಡ್ಡಿನ ಚಿತ್ರಕಥೆಗಾರರು 148 ದಿನ ಮುಷ್ಕರ ಹೂಡಿ, ಯಂತ್ರ ಬರೆದದ್ದನ್ನು ಲೇಖಕರ ಬರಹದ ಲೆಕ್ಕಕ್ಕೆ ಸೇರಿಸಬಾರದೆಂಬ ಷರತ್ತನ್ನು ಒಪ್ಪಂದದಲ್ಲೇ ಬರೆಸಿಕೊಂಡರು. ಯಾವ ನೀತಿ ಘೋಷಣೆಯೂ ಅವರಿಗೆ ಅದನ್ನು ಗಳಿಸಿಕೊಟ್ಟಿರಲಿಲ್ಲ.

ಜಾನ್ ಪಾಲ್ ಅವರ ಪತ್ರದಲ್ಲಿ ಇನ್ನೊಂದು ಹರಿತವಾದ ವಿಚಾರವಿದೆ: ಪರೋಕ್ಷ ಮಾಲೀಕ. ಸಂಬಳದ ಚೀಟಿಗೆ ಸಹಿ ಹಾಕುವವನು ನೇರ ಮಾಲೀಕ. ಅವನು ಯಾವ ಷರತ್ತಿನಲ್ಲಿ ಕೆಲಸ ಕೊಡಬಲ್ಲನೆಂದು ದೂರದಿಂದ ನಿರ್ಧರಿಸುವ ಸರ್ಕಾರ, ಕಾನೂನು, ಅಂತರರಾಷ್ಟ್ರೀಯ ವ್ಯಾಪಾರದ ವ್ಯವಸ್ಥೆ ಎಲ್ಲವೂ ಪರೋಕ್ಷ ಮಾಲೀಕ, ನ್ಯಾಯ ತಪ್ಪಿದರೆ ಅದೂ ಹೊಣೆ. ಕೃತಕ ಬುದ್ಧಿಮತ್ತೆಯ ಕಾಲಕ್ಕೆಂದೇ ಬರೆದಿಟ್ಟಂತಿರುವ ಮಾತು ಇದು. 2023ರ ಜನವರಿಯಲ್ಲಿ 'ಟೈಮ್' ಪತ್ರಿಕೆ ನೈರೋಬಿಯ ಕೆಲಸಗಾರರ ವರದಿಯೊಂದನ್ನು ಪ್ರಕಟಿಸಿತು. ಚಾಟ್‌ಜಿಪಿಟಿ ಸಭ್ಯವಾಗಿ ಮಾತಾಡಬೇಕೆಂದು, ಹಿಂಸೆಯ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿವರಗಳನ್ನು ದಿನವಿಡೀ ಓದಿ ಗುರುತು ಹಾಕುತ್ತಿದ್ದವರು ಅವರು. ಗಂಟೆಗೆ ಕೈಗೆ ಬರುತ್ತಿದ್ದುದು 2 ಡಾಲರಿಗೂ ಕಡಿಮೆ. ಅವರ ನೇರ ಮಾಲೀಕ ಒಂದು ಗುತ್ತಿಗೆ ಕಂಪನಿ. ಕೆಲಸ ಬೇಕಾಗಿದ್ದುದು ಸಮುದ್ರದಾಚೆಯ ಓಪನ್‌ಎಐಗೆ. ಹೆಚ್ಚಿನ ಜನ ಕ್ರೈಸ್ತರಾಗಿರುವ ಕೆನ್ಯಾದಲ್ಲಿ, ಭಾನುವಾರ ಚರ್ಚಿನ ಬೆಂಚಿನಲ್ಲಿ ಕೂರುವವರೇ ವಾರವಿಡೀ ಆ ತೆರೆಗಳ ಮುಂದೆ ಕೂತಿದ್ದಿರಬೇಕು. ಯಂತ್ರ ತಾನಾಗಿ ಕಲಿಯಿತು ಎನ್ನುವ ಕಥೆಯಲ್ಲಿ ಈ ಜನ ಇಲ್ಲ. ಪರೋಕ್ಷ ಮಾಲೀಕನ ಹೊಣೆಯನ್ನು ಮುಂದಿಟ್ಟು ಇವರ ಪರ ವಾದಿಸಲು ಧರ್ಮಸಭೆಯ ಕಪಾಟಿನಲ್ಲೇ ಪಠ್ಯವಿದೆ. 2025ರ ದಾಖಲೆ ಅದನ್ನು ದುಡಿಮೆಯ ಭಾಗದ ಬೆನ್ನೆಲುಬಾಗಿಸಿಕೊಳ್ಳದೆ ಹೋದದ್ದು ನನಗೆ ಅದರ ಅತಿ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಪ್ರೊಟೆಸ್ಟಂಟರ ಕಡೆ ತಿರುಗಿದರೆ, ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರ ನೀತಿ ಆಯೋಗ 2019ರ ಏಪ್ರಿಲ್‌ನಲ್ಲೇ ಹನ್ನೆರಡು ಅಂಶಗಳ ಹೇಳಿಕೆ ಹೊರಡಿಸಿತ್ತು. ಚಾಟ್‌ಜಿಪಿಟಿ ಬರುವ ಮೂರು ವರ್ಷ ಮೊದಲೇ ಯೋಚಿಸಿದ್ದಕ್ಕೆ ಅವರನ್ನು ಮೆಚ್ಚಬೇಕು. ಮನುಷ್ಯನ ಬೆಲೆ ಅವನು ಗಳಿಸಿಕೊಡುವ ಹಣದಲ್ಲಿಲ್ಲ ಎಂದದ್ದೂ ಸರಿಯೇ. ಆದರೆ ಅದೇ ಉಸಿರಿನಲ್ಲಿ, ಯಂತ್ರ ದುಡಿಯುತ್ತದೆಂದು ಮನುಷ್ಯರು ಪೂರಾ ವಿರಾಮದ ಬದುಕಿಗೆ ಜಾರಬಾರದೆಂದು ಅದು ಬುದ್ಧಿ ಹೇಳುತ್ತದೆ. ಈ ಬುದ್ಧಿಮಾತು ಯಾರಿಗೆ? ಅನುವಾದದ ಕೆಲಸ ತಪ್ಪಿದವನಿಗೆ, ಡೇಟಾ ಎಂಟ್ರಿಯ ಕುರ್ಚಿ ಕಳೆದುಕೊಂಡವಳಿಗೆ ವಿರಾಮದ ಆಮಿಷವಿಲ್ಲ. ತಿಂಗಳ ಬಾಡಿಗೆಯ ಚಿಂತೆಯಿದೆ. ಹೊರಗೆ ಹಾಕಲ್ಪಟ್ಟವರ ಮನಸ್ಸಿನ ಸೋಮಾರಿತನವನ್ನು ತಿದ್ದಲು ಹೊರಟ ಬರಹ, ಹೊರಗೆ ಹಾಕಿದವರ ಜೇಬಿನತ್ತ ನೋಡುವುದೇ ಇಲ್ಲ.

ಇನ್ನೂ ಒಂದು ಮಾತು ಹೇಳಲೇಬೇಕು. ಚರ್ಚುಗಳ ಆತಂಕ ಅತಿ ಗಟ್ಟಿಯಾಗಿ ಕೇಳಿಸಿದ್ದು ಗುರುಗಳ ಪೀಠಕ್ಕೇ ಯಂತ್ರ ಕೈಹಾಕಿದಾಗ. 2023ರ ಜೂನ್‌ನಲ್ಲಿ ಜರ್ಮನಿಯ ಫ್ಯೂರ್ತ್ ಪಟ್ಟಣದ ಸಂತ ಪೌಲರ ಚರ್ಚಿನಲ್ಲಿ ಚಾಟ್‌ಜಿಪಿಟಿ ಬರೆದ ಆರಾಧನೆ ನಡೆಯಿತು. ವೇದಿಕೆಯ ಮೇಲಿನ ದೊಡ್ಡ ತೆರೆಯಲ್ಲಿ ಗಡ್ಡದ ಮನುಷ್ಯನ ಚಿತ್ರವೊಂದು ಪ್ರಸಂಗ ಮಾಡಿತು, ಆಶೀರ್ವಾದ ಕೊಟ್ಟಿತು. ಮುನ್ನೂರಕ್ಕೂ ಹೆಚ್ಚು ಜನ ನಲವತ್ತು ನಿಮಿಷ ಕೂತು ಕೇಳಿದರು. ಮರುವರ್ಷ ಸ್ವಿಟ್ಜರ್ಲೆಂಡಿನ ಲುಸರ್ನ್‌ನಲ್ಲಿ ಒಂದು ಚಾಪೆಲ್ಲಿನ ಪಾಪನಿವೇದನೆಯ ಗೂಡಿನೊಳಗೆ ಗುರುಗಳು ಕೂರುವ ಜಾಗದಲ್ಲಿ ಕಂಪ್ಯೂಟರ್ ಇಟ್ಟು, ಜಾಲರಿಯಾಚೆಯಿಂದ ಯೇಸುವಿನ ಮುಖವೊಂದು ಬಂದವರ ಭಾಷೆಯಲ್ಲೇ ಉತ್ತರಿಸುವಂತೆ ಮಾಡಿದರು. ಅಮೆರಿಕದ ಕಥೋಲಿಕ ಸಂಸ್ಥೆಯೊಂದು 2024ರ ಏಪ್ರಿಲ್‌ನಲ್ಲಿ 'ಫಾದರ್ ಜಸ್ಟಿನ್' ಎಂಬ ಯಂತ್ರ ಗುರುವನ್ನು ತಂದಾಗ, ಗುರುಗಳ ನಿಲುವಂಗಿಯನ್ನು ಕಳಚಿ ಅದನ್ನು ಬರೀ 'ಜಸ್ಟಿನ್' ಮಾಡಲು ಕೆಲವೇ ದಿನ ಸಾಕಾದವು. ವಿರೋಧ ಅಷ್ಟು ಜೋರಾಗಿತ್ತು. ಆ ವಿರೋಧ ನ್ಯಾಯವಾದದ್ದೇ. ಎದುರು ಕೂತು ಅಳುವವರ ಜತೆ ಅಳಲು ಬಾರದ್ದು ಕ್ಷಮೆಯನ್ನು ಸಾರಲಾರದು. ಆದರೆ ಗುರುಗಳ ಅಂಗಿಗಾಗಿ ಎದ್ದ ಕೂಗಿನ ಕಾಲುಭಾಗವಾದರೂ ಚರ್ಚಿನ ಕಚೇರಿಯ ಗುಮಾಸ್ತನಿಗಾಗಿ, ಪತ್ರಿಕೆಯ ಕರಡು ತಿದ್ದುವವನಿಗಾಗಿ ಏಳಬೇಡವೇ? ದುಡಿಯುವ ಮನುಷ್ಯನಿಂದಲೇ ದುಡಿಮೆಗೆ ಬೆಲೆ ಎಂದ ಮೇಲೆ ಪೀಠದ ಕೆಲಸ, ಮೇಜಿನ ಕೆಲಸ ಎಂಬ ಭೇದ ಉಳಿಯದು.

ಮಂಗಳೂರಿನ ಕಡೆಯವರಿಗೆ ಈ ಪ್ರಶ್ನೆ ದೂರದ್ದಲ್ಲ. 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರಿಗೆ ಬೇಗನೆ ಒಂದು ಇಕ್ಕಟ್ಟು ಎದುರಾಯಿತು. ಕ್ರೈಸ್ತರಾದವರನ್ನು ಜಾತಿ ಹೊರಹಾಕಿತು, ಅದರೊಂದಿಗೆ ಕಸುಬೂ ಹೋಯಿತು. ಶೇಂದಿ ಇಳಿಸುವ ಮೂರ್ತೆ ಕೆಲಸದ ಬಿಲ್ಲವರಿಗೆ ಹೊಸ ಧರ್ಮವೇ ಹಳೆಯ ಕಸುಬನ್ನು ಬಿಡಿಸಿತು. ಕೆಲಸವಿಲ್ಲದವನಿಗೆ ಸುವಾರ್ತೆ ಹೇಳಿ ಕಳಿಸಲಾಗದೆಂದು ಮಿಷನ್ ಮುದ್ರಣಾಲಯ ತೆರೆಯಿತು, ಮಗ್ಗ ಹೂಡಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿತು. ನದಿ ದಡದ ಜೇಡಿಯನ್ನು ಕಲಸಿ, ಪ್ರೆಸ್ಸಿನ ಅಚ್ಚಿನಲ್ಲಿ ಒತ್ತಿ, ನೆರಳಲ್ಲಿ ಆರಿಸಿ, ಗೂಡಿನಲ್ಲಿ ಸುಟ್ಟ ಆ ಕೆಂಪು ಹೆಂಚು ಊರೂರಿನ ಮಾಡು ಏರಿತು. ಕಾರ್ಖಾನೆಯೊಳಗೆ ಮಿಷನರಿಗಳ ಶಿಸ್ತಿನ ಬಿಗಿಯಿತ್ತು, ದೊಡ್ಡವರು ಚಿಕ್ಕವರೆಂಬ ಅಂತರವಿತ್ತು. ಆದರೂ ಕೆಲಸ ಹೋದವನಿಗೆ ಕೆಲಸ ಹುಡುಕುವುದು ತಮ್ಮದೇ ಹೊಣೆ ಎಂದು ಅವರು ತಿಳಿದಿದ್ದರು. ಅದೇ ಪ್ರೆಸ್ಸಿನ ಹೆಂಚು ಕುಂಬಾರರು ಕೈಯಲ್ಲಿ ತಟ್ಟಿ ಮಾಡುತ್ತಿದ್ದ ನಾಡಹೆಂಚನ್ನು ಹಿಂದೆ ಹಾಕಿತು ಎಂಬುದನ್ನೂ ಮರೆಯಬಾರದು. ಒಬ್ಬರಿಗೆ ಅನ್ನ ಕೊಟ್ಟ ಯಂತ್ರ ಇನ್ನೊಬ್ಬರ ಚಕ್ರವನ್ನು ನಿಧಾನಗೊಳಿಸಿತು, ಆ ಇನ್ನೊಬ್ಬರು ಮಿಷನ್ನಿನ ಲೆಕ್ಕದ ಪುಸ್ತಕದ ಹೊರಗಿದ್ದರು.

ಇಂದು ಕಥೋಲಿಕ ಧರ್ಮಪ್ರಾಂತ್ಯಗಳೂ ಪ್ರೊಟೆಸ್ಟಂಟರ ಸಿಎಸ್‌ಐ ಸಭೆಗಳೂ ನಡೆಸುವ ಆಸ್ಪತ್ರೆ, ಶಾಲೆ, ಕಾಲೇಜುಗಳಲ್ಲಿ ಬಿಲ್ಲಿಂಗ್ ಕೌಂಟರಿನವರು, ಡಿಸ್ಚಾರ್ಜ್ ಸಮ್ಮರಿ ಟೈಪ್ ಮಾಡುವವರು, ಕಚೇರಿ ಸಹಾಯಕರು ಎಷ್ಟೋ ಮಂದಿ ಇದ್ದಾರೆ. ಹೊಸ ಸಾಫ್ಟ್‌ವೇರ್ ಮಾರಲು ಬರುವವನು ಎಷ್ಟು ಜನರ ಸಂಬಳ ಉಳಿಯುತ್ತದೆಂಬ ಲೆಕ್ಕದೊಂದಿಗೇ ಬರುತ್ತಾನೆ. ಆ ಮೇಜಿನ ಸುತ್ತ ಕೂತ ಆಡಳಿತ ಮಂಡಳಿ ನೇರ ಮಾಲೀಕ. ಕೌಂಟರಿನಲ್ಲಿ ಇರುವವಳಿಗೆ ಬೇರೆ ಕೆಲಸ ಕಲಿಸಿದ ಮೇಲೆಯೇ ಯಂತ್ರ ತರುತ್ತೇವೆ, ಅಲ್ಲಿಯತನಕ ಸಂಬಳ ನಮ್ಮದು ಎಂಬ ಠರಾವು ಅಲ್ಲಿ ಪಾಸಾಗುತ್ತದೆಯೇ ಎಂಬುದರಲ್ಲಿ ಈ ದಾಖಲೆಗಳ ಸತ್ವ ತಿಳಿಯುತ್ತದೆ.

ದುಡಿಮೆಯ ಬಗ್ಗೆ ಬರೆಯುವ ಕ್ರೈಸ್ತರು ಆದಿಕಾಂಡದ ತೋಟಕ್ಕೆ ಮತ್ತೆ ಮತ್ತೆ ಹೋಗುತ್ತಾರೆ. ಮತ್ತಾಯನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯದಲ್ಲಿ ಇನ್ನೊಂದು ತೋಟವಿದೆ, ದ್ರಾಕ್ಷಿಯದು. ಸಂಜೆ ಹೊತ್ತಾದರೂ ಪೇಟೆಯಲ್ಲಿ ನಿಂತವರನ್ನು ಯಜಮಾನ ವಿಚಾರಿಸುತ್ತಾನೆ. ಯಾರೂ ಕೂಲಿಗೆ ಕರೆಯಲಿಲ್ಲ ಎನ್ನುತ್ತಾರೆ ಅವರು. ಒಂದೇ ತಾಸು ದುಡಿದ ಅವರಿಗೆ ಅವನು ಇಡೀ ದಿನದ ಕೂಲಿ ಕೊಡುತ್ತಾನೆ, ಬೆಳಗಿನಿಂದ ಬೆವರು ಸುರಿಸಿದವರು ಗೊಣಗಿದರೂ ಬಿಡುವುದಿಲ್ಲ. ದೇವರ ಕೃಪೆಯ ಕಥೆಯೆಂದೇ ಇದನ್ನು ಸಾಮಾನ್ಯವಾಗಿ ಓದುತ್ತಾರೆ. ಅದು ಸರಿ. ಆದರೆ ಮಾರುಕಟ್ಟೆ ಕರೆಯದೆ ಬಿಟ್ಟವನ ಮನೆಯ ಒಲೆಗೂ ಇಡೀ ದಿನದ ಅಕ್ಕಿಯೇ ಬೇಕು ಎಂಬ ಲೆಕ್ಕವೂ ಅದರಲ್ಲಿದೆ. 1891ರ ಪತ್ರ ಕೂಲಿಯನ್ನು ಬದುಕಿನ ಅಗತ್ಯಕ್ಕೆ ಕಟ್ಟಿದ್ದು ಇದೇ ಲೆಕ್ಕದಿಂದ. ಲಿಯೋ ಹೆಸರಿನ ಪೋಪ್ ಇರುವ ಈ ಹೊತ್ತಿನಲ್ಲಿ ಕೃತಕ ಬುದ್ಧಿಮತ್ತೆಯ ಬಗ್ಗೆ ಬರೆಯುವ ಬಿಷಪರೂ ಪಾಸ್ಟರುಗಳೂ, ಯಂತ್ರದಿಂದ ಉಳಿದ ಹಣದಲ್ಲಿ ಕೆಲಸ ಕಳೆದುಕೊಂಡವರ ಪಾಲು ಎಷ್ಟು, ಅದನ್ನು ಯಾರು, ಎಷ್ಟು ಕಾಲ ಕೊಡಬೇಕು ಎಂಬುದನ್ನು ಆ ಪತ್ರದಷ್ಟೇ ಬಿಡಿಸಿ ಬರೆಯಲಿ.