ತೊಳೆಯದ ಗೋಡೆಗೆ ಎರಡು ಕೋಟ್ ಪುಟ್ಟಿ

ಬಸವನಗುಡಿಯ ನಮ್ಮ ಹಳೇ ಮನೆಯ ಹಾಲಿನ ವಾಲ್‌ಪೇಪರ್ ಈ ಬೇಸಗೆಯಲ್ಲಿ ಕಿತ್ತೆವು. ಮೇಲಿನ ವಿನೈಲ್ ಹಾಳೆ ಹಾಳೆಯಾಗಿ ಎದ್ದು ಬಂತು, ಅಡಿಯ ಕಾಗದ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅದರ ಕೆಳಗೆ ಎಣ್ಣೆ ಬಣ್ಣ, ಅದಕ್ಕೂ ಕೆಳಗೆ ಡಿಸ್ಟೆಂಪರ್, ತಳದಲ್ಲಿ ಸುಣ್ಣ. ನೋಡಲು ಬಂದ ಪೇಂಟರ್ ಗೋಡೆ ಮುಟ್ಟಲೂ ಇಲ್ಲ. "ಎರಡು ಕೋಟ್ ಪುಟ್ಟಿ ಎಳೆದ್ರೆ ಏನೂ ಕಾಣಲ್ಲ ಬಿಡಿ ಸಾರ್" ಅಂದರು.

ಪುಟ್ಟಿ ಎಳೆಯುವ ಕೈಯನ್ನು ನಾನು ಹಗುರವಾಗಿ ನೋಡುವವನಲ್ಲ. ಒಂದೇ ಬೀಸಿಗೆ ತಗ್ಗು ತುಂಬಿ, ಅಂಚನ್ನು ಇಲ್ಲದಂತೆ ತೆಳುಮಾಡುವುದು ವರ್ಷಗಟ್ಟಲೆ ದುಡಿದು ಬಂದ ಹದ. ನನ್ನ ತಕರಾರು ಆ ಕೈಯನ್ನು ಯಾವ ಗೋಡೆಯ ಮೇಲೆ ಇಡುತ್ತೇವೆ ಎಂಬುದರ ಬಗ್ಗೆ.

ಕಾಗದ ಹೋದರೂ ಅಂಟು ಹೋಗಿರುವುದಿಲ್ಲ. ಒದ್ದೆ ಬೆರಳಲ್ಲಿ ಉಜ್ಜಿದರೆ ಲೋಳೆಯಂತೆ ಜಾರುತ್ತದೆ. ಅದು ಗಂಜಿಯ ಅಂಟಾದರೆ ಒಂದು ತೊಟ್ಟು ಟಿಂಕ್ಚರ್ ಅಯೋಡಿನ್‌ಗೆ ಕಪ್ಪು ನೀಲಿಯಾಗುತ್ತದೆ. ನೀರಿನ ಎಮಲ್ಶನ್ ಮೇಲೆ ಬಿದ್ದಾಗ ಈ ಅಂಟು ನೀರು ಕುಡಿದು ಉಬ್ಬಿ, ಒಣಗುವಾಗ ಮುದುರಿ, ಹೊಸ ಬಣ್ಣವನ್ನೂ ಜೊತೆಗೆ ಎಳೆಯುತ್ತದೆ. ಕೆರೆಯ ತಳ ಬಿರಿದಂತೆ ಸಣ್ಣ ಬಿರುಕು ಏಳುವುದು ಹೀಗೆ. ಆಗ ಬೈಗುಳ ಬಣ್ಣದ ಕಂಪನಿಗೆ. ಮದ್ದು ಇಷ್ಟೇ: ಬಿಸಿನೀರು, ಸ್ಪಂಜು, ಮತ್ತೆ ಮತ್ತೆ ಬದಲಿಸಿದ ಬಕೆಟ್.

ಬಿಳಿ ಸಿಮೆಂಟ್ ಪುಟ್ಟಿಯದು ಬೇರೆ ಕಥೆ. ಬರಿ ಗಾರೆಯನ್ನು ಅದು ಗಟ್ಟಿಯಾಗಿ ಕಚ್ಚುತ್ತದೆ. ಹೊಳೆಯುವ ಎಣ್ಣೆ ಬಣ್ಣದ ಮೇಲೆ ಹಿಡಿತವೇ ಸಿಗುವುದಿಲ್ಲ, ಕೊನೆಗೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಮೊದಲು ಹೊಳಪು ಸಾಯುವವರೆಗೆ ಉಜ್ಜಬೇಕು. ಇಲ್ಲೊಂದು ಅಪಾಯವಿದೆ, ಅದರ ಮಾತು ಯಾರೂ ಎತ್ತುವುದಿಲ್ಲ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಕಾನೂನು ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎಣ್ಣೆ ಬಣ್ಣವನ್ನು ಒಣ ಎಮರಿಯಲ್ಲಿ ತಿಕ್ಕಿದರೆ ಏಳುವ ಧೂಳು, ಮುಖಕ್ಕೊಂದು ಟವೆಲ್ ಸುತ್ತಿಕೊಂಡ ಹುಡುಗನ ಎದೆಗೂ ಹೋಗುತ್ತದೆ, ನೆಲದಲ್ಲಿ ಆಡುವ ಮಗುವಿನ ಬಾಯಿಗೂ ಹೋಗುತ್ತದೆ. ವಾಟರ್ ಪೇಪರ್ ಒದ್ದೆಮಾಡಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಧೂಳು ಗಾಳಿಗೆ ಏಳುವುದಿಲ್ಲ.

ಇದೆಲ್ಲ ಪೇಂಟರಿಗೆ ಗೊತ್ತಿಲ್ಲವೆಂದಲ್ಲ. ಲೆಕ್ಕ ಚದರಡಿಗೆ ಇಷ್ಟು ಎಂದು, ಅದರೊಳಗೆ ಪುಟ್ಟಿ, ಪ್ರೈಮರ್, ಬಣ್ಣ. ತೊಳೆಯುವುದಕ್ಕೆ ದರವೇ ಇಲ್ಲ. ಎರಡು ದಿನ ಬರೀ ನೀರು ಹೊತ್ತವರಿಗೆ ಕೂಲಿ ಕೊಡಲು ನಾವೇ ಗೊಣಗುತ್ತೇವೆ. ಹಾಗಾಗಿ ದೋಷದಲ್ಲಿ ಅರ್ಧ ಪಾಲು ಮನೆಯವರದು. ಕ್ಯಾಟಲಾಗ್ ನೋಡಿ ಕನ್ನಡಿಯಂಥ ಗೋಡೆ ಬೇಕೆನ್ನುವವರೂ ನಾವೇ ತಾನೆ? ಸುಣ್ಣದ ಗಾರೆಯ ಗೋಡೆ ಎಂದೂ ಸಪಾಟಾಗಿರಲಿಲ್ಲ. ಸಂಜೆಯ ಓರೆ ಬೆಳಕಿಗೆ ಅದರ ಸಣ್ಣ ಉಬ್ಬುತಗ್ಗು ಕಾಣುತ್ತದೆ, ನನಗಂತೂ ಅದು ಚೆಂದ. ಪೂರ್ತಿ ಪುಟ್ಟಿ ಬಳಿದ ಗೋಡೆಗಿಂತ ತಗ್ಗಿದ್ದಲ್ಲಷ್ಟೇ ತುಂಬಿದ ಗೋಡೆಯೇ ವಾಸಿ ಎನ್ನುವವನು ನಾನು.

ನಾವು ಕೊನೆಗೆ ತೊಳೆಯುವುದಕ್ಕೆ ಬೇರೆಯಾಗಿ ದಿನಗೂಲಿ ಮಾತಾಡಿದೆವು. ಮೂರನೆಯ ಬಕೆಟ್ಟಿಗೂ ನೀರು ಮಜ್ಜಿಗೆಯಂತೆ ಬೆಳ್ಳಗೇ ಬರುತ್ತಿತ್ತು. ಕಿಟಕಿಯ ಕೆಳಗೆ, ವಿನೈಲ್ ಹಿಂದೆ ತೇವ ಸಿಕ್ಕಿಕೊಂಡ ಜಾಗದಲ್ಲಿ, ಅಂಗೈಯಗಲ ಕಪ್ಪು ಬೂಷ್ಟು. ಪೇಂಟರ್ ಅದನ್ನು ಉಗುರಿನಲ್ಲಿ ಕೆರೆದು ನೋಡಿ, "ಇಲ್ಲಿ ಮಳೆ ನೀರು ಬರ್ತಿದೆ ಸಾರ್, ಮೊದ್ಲು ಹೊರಗಡೆ ಗೋಡೆ ನೋಡಿಸಿ" ಎಂದು ಪುಟ್ಟಿಯ ಚೀಲವನ್ನು ಬಿಚ್ಚದೆ ಮೂಲೆಗೆ ಸರಿಸಿದರು.