ಕೂಡಿಸಿದ ಅಂಕಿಗಳ ವ್ಯಾಪ್ತಿ: ಒಂದು ವಿಮರ್ಶೆ

ಇತಿಹಾಸದ ವ್ಯಾಸಂಗದಲ್ಲಿ ಖಾನೇಷುಮಾರಿಯ ಅಂಕಿಗಳನ್ನು ಆಧಾರವಾಗಿ ಬಳಸುವ ಪದ್ಧತಿ ಬೆಳೆದಿರುವುದು ಸಂತೋಷದ ಸಂಗತಿ. ಆದರೆ ಎರಡು ಅಂಕಿಸಮೂಹಗಳನ್ನು ಒಂದುಗೂಡಿಸಿ ಅವುಗಳ ವ್ಯಾಪ್ತಿಯನ್ನು ನಿರ್ಣಯಿಸುವಾಗ ಪ್ರಬಂಧಕಾರರಲ್ಲಿ ಕೆಲವರು ತೋರುವ ಅವಸರವನ್ನು ನಾವು ಒಪ್ಪಲಾರೆವು. ಗರಿಷ್ಠ ಸಂಖ್ಯೆಯಿಂದ ಕನಿಷ್ಠ ಸಂಖ್ಯೆಯನ್ನು ಕಳೆದರೆ ಉಳಿಯುವುದೇ ವ್ಯಾಪ್ತಿ. ಲೆಕ್ಕವು ಇಷ್ಟು ಸರಳವಾದುದರಿಂದಲೇ ಅದನ್ನು ಪರೀಕ್ಷಿಸುವ ಗೋಜಿಗೆ ಯಾರೂ ಹೋಗುವುದಿಲ್ಲ.

ಹಳೆಯ ಮೈಸೂರು ಸಂಸ್ಥಾನದ ಜನಸಂಖ್ಯೆಯನ್ನೇ ತೆಗೆದುಕೊಳ್ಳೋಣ. ಅದು 1871ರಲ್ಲಿ ಸುಮಾರು 50.55 ಲಕ್ಷ, 1881ರಲ್ಲಿ 41.86 ಲಕ್ಷ, ಇದು ಮೊದಲ ಸಮೂಹ. 1891ರಲ್ಲಿ 49.44 ಲಕ್ಷ, 1901ರಲ್ಲಿ 55.39 ಲಕ್ಷ, ಇದು ಎರಡನೆಯದು. ಇವುಗಳ ವ್ಯಾಪ್ತಿ ಕ್ರಮವಾಗಿ 8.69 ಮತ್ತು 5.95 ಲಕ್ಷ. ಎರಡನ್ನೂ ಕೂಡಿಸಿ 14.64 ಎನ್ನುವುದೂ, ಸರಾಸರಿ ಹಿಡಿದು 7.32 ಎನ್ನುವುದೂ ತಪ್ಪು. ಒಟ್ಟು ಸಮೂಹದ ಗರಿಷ್ಠ 55.39, ಕನಿಷ್ಠ 41.86, ಆದುದರಿಂದ ವ್ಯಾಪ್ತಿ 13.53 ಲಕ್ಷ. ಎರಡು ಸಮೂಹಗಳೂ 49.44ರಿಂದ 50.55ರವರೆಗಿನ 1.11 ಲಕ್ಷದಷ್ಟು ಭಾಗದಲ್ಲಿ ಒಂದರ ಮೇಲೊಂದು ಬಂದಿರುವುದರಿಂದ, ಕೂಡಿದ ಮೊತ್ತದಲ್ಲಿ ಅಷ್ಟು ಕಡಮೆಯಾಯಿತು. ಸಮೂಹಗಳ ನಡುವೆ ತೆರಪಿದ್ದರೆ ಆ ತೆರಪಿನಷ್ಟು ಹೆಚ್ಚುತ್ತಿತ್ತು. ಆದಕಾರಣ ಬಿಡಿ ವ್ಯಾಪ್ತಿಗಳು ಮಾತ್ರ ತಿಳಿದಿದ್ದರೆ ಸಾಲದು. ಅಂಚಿನ ಸಂಖ್ಯೆಗಳೇ ಬೇಕು.

ಲೆಕ್ಕ ಸರಿಯಾದ ಮಾತ್ರಕ್ಕೆ ಇತಿಹಾಸ ಸರಿಯಾಯಿತೆ? ಮೊದಲ ಸಮೂಹದ 8.69 ಇಳಿತದ ಗುರುತು, ಎರಡನೆಯದರ 5.95 ಏರಿಕೆಯ ಗುರುತು. ವ್ಯಾಪ್ತಿಯು ಕಾಲಕ್ರಮವನ್ನು ಅರಿಯದು. 13.53 ಎಂಬ ಸಂಖ್ಯೆಯನ್ನು ಮಾತ್ರ ಓದಿದವನಿಗೆ, ಜನರು ಧಾತು–ಈಶ್ವರ ಸಂವತ್ಸರಗಳ ಬರವೆಂದು ನೆನೆಯುವ 1876–78ರ ಮಹಾಕ್ಷಾಮದ ಸುಳಿವೇ ಸಿಗದು. ಇನ್ನು 8.69 ಲಕ್ಷವನ್ನು ಸತ್ತವರ ಸಂಖ್ಯೆಯೆಂದು ಬರೆಯುವುದೂ ಸಲ್ಲದು. ಅದರಲ್ಲಿ ಹತ್ತು ವರ್ಷಗಳ ಜನನ, ಮರಣ, ವಲಸೆಗಳೆಲ್ಲವೂ ಬೆರೆತಿವೆ. ಎಣಿಕೆಯ ಲೋಪಗಳೂ ಸೇರಿರಬಹುದು.

ಪ್ರದೇಶವು ಒಂದೇ ಆಗಿರಬೇಕೆಂಬುದು ಮತ್ತೊಂದು ನಿಯಮ. 1951ರ ಮೈಸೂರಿನ 90.7 ಲಕ್ಷವನ್ನೂ 1961ರ ಮೈಸೂರಿನ 235.9 ಲಕ್ಷವನ್ನೂ ಜೋಡಿಸಿದರೆ ವ್ಯಾಪ್ತಿ 145 ಲಕ್ಷವನ್ನು ಮೀರುತ್ತದೆ. ನಡುವೆ 1953ರಲ್ಲಿ ಬಳ್ಳಾರಿ ಜಿಲ್ಲೆಯ ಬಹುಭಾಗವೂ, 1956ರಲ್ಲಿ ಇತರ ಕನ್ನಡ ಪ್ರದೇಶಗಳೂ ಸೇರಿದವು. ಹೆಸರೊಂದೇ, ನಾಡು ಬೇರೆ. ವಿಸ್ತೃತ ರಾಜ್ಯದ ಎಲ್ಲೆಗಳಿಗೆ ಹೊಂದಿಸಿದ 1951ರ ಸಂಖ್ಯೆ ಸುಮಾರು 194 ಲಕ್ಷ. ಅದನ್ನು ಹಿಡಿದರೆ ಉಳಿಯುವುದು ಸುಮಾರು 42 ಲಕ್ಷ ಮಾತ್ರ.

ವ್ಯಾಪ್ತಿಯನ್ನು ಬಿಡಬೇಕೆಂದು ನಮ್ಮ ವಾದವಲ್ಲ. ಅದನ್ನು ಬರೆಯುವವರು ಅಂಚಿನ ಎರಡು ಸಂಖ್ಯೆಗಳನ್ನೂ, ಅವು ಯಾವ ವರ್ಷದವು, ಯಾವ ಎಲ್ಲೆಯೊಳಗಿನವು ಎಂಬುದನ್ನೂ ಜೊತೆಯಲ್ಲೇ ಬರೆಯಲಿ. ಅಷ್ಟಾದರೆ ಓದುವವರು ತಾವೇ ಪರೀಕ್ಷಿಸಿಕೊಳ್ಳಬಲ್ಲರು. ಬರದಲ್ಲಿ ಅಳಿದವರೂ ಲೆಕ್ಕದ ಮರೆಯಲ್ಲಿ ಮತ್ತೊಮ್ಮೆ ಅಳಿಯರು.